ಮಿಂಚಿನ ಸಾಲು, ಮಾಮೂಲಿ ಸಾಲು

ಫ್ಲಾರಿಡಾಕ್ಕೆ ಹೋದ ನಮ್ಮವರು ಆರ್ಲ್ಯಾಂಡೊದ ಡಿಸ್ನಿ ವರ್ಲ್ಡ್ ನೋಡದೇ ಬರೋದು ಕಡಿಮೆ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸ್ಪೇಸ್ ಮೌಂಟನ್ ಮುಂದೆ ನಿಂತರೆ ಎರಡು ಸಾಲು. ಒಂದರಲ್ಲಿ ಕಾಯುವವರು, ಇನ್ನೊಂದರಲ್ಲಿ ಪ್ರವೇಶ ಟಿಕೆಟ್ ಮೇಲೆ ಮತ್ತಷ್ಟು ದುಡ್ಡು ಕೊಟ್ಟವರು. ತಿರುಪತಿಯ 300 ರೂಪಾಯಿ ದರ್ಶನದ ಕ್ಯೂ ಕಂಡ ನಮಗೆ ಇದೇನು ಹೊಸದಲ್ಲ ಬಿಡಿ.

ಆದರೆ ಇಲ್ಲಿ ಮೊದಲು ಹೀಗಿರಲಿಲ್ಲ. 1999ರಲ್ಲಿ ಬಂದ ಫಾಸ್ಟ್‌ಪಾಸ್ ಪೂರ್ತಿ ಉಚಿತ. ಮೆಷಿನ್‌ನಿಂದ ಚೀಟಿ ತಗೊಂಡು, ಅದರಲ್ಲಿ ಬರೆದ ಹೊತ್ತಿಗೆ ವಾಪಸ್ ಬಂದರಾಯ್ತು. 2021ರ ಅಕ್ಟೋಬರ್‌ನಲ್ಲಿ ಆಪ್‌ನೊಳಗೆ 'ಜೀನಿ' ಬಂತು. ಯಾವ ರೈಡ್‌ಗೆ ಯಾವಾಗ ಹೋಗಿ ಅನ್ನೋ ಸಲಹೆ ಪುಕ್ಕಟೆ. ಸಾಲು ತಪ್ಪಿಸೋಕೆ ಮಾತ್ರ 'ಜೀನಿ ಪ್ಲಸ್', ತಲೆಗೆ ದಿನಕ್ಕೆ 15 ಡಾಲರ್. ಸಲಹೆ ಕೊಡೋನೂ ಪಾಸ್ ಮಾರೋನೂ ಒಬ್ಬನೇ! ಅಪ್ಪ-ಅಮ್ಮ, ಅತ್ತೆ-ಮಾವ ಎಲ್ಲಾ ಸೇರಿ ಆರು ಜನ ಅಂದ್ರೆ 90 ಡಾಲರ್. ಆಮೇಲೆ ದರವೂ ದಿನ ನೋಡಿ ಏರಿಳಿಯತೊಡಗಿತು. 2024ರಲ್ಲಿ ಹೆಸರು ಬದಲಾಗಿ 'ಲೈಟ್ನಿಂಗ್ ಲೇನ್ ಮಲ್ಟಿ ಪಾಸ್' ಆಯ್ತು.

ದುಡ್ಡು ಕೊಟ್ಟರೆ ರೈಡ್‌ನಲ್ಲಿ ಸೀಟೇನೂ ಹೆಚ್ಚಲ್ಲ. ಆ ಸಾಲಿನವರನ್ನು ಒಳಗೆ ಬಿಟ್ಟಷ್ಟೂ ಪಕ್ಕದ ಸಾಲು ನಿಂತಲ್ಲೇ ನಿಲ್ಲುತ್ತೆ. ನನಗೆ ಕಿರಿಕಿರಿ ಅನ್ನಿಸೋದು ಇದೇ: ಕಾಯುವವರ ಸಮಯವನ್ನೇ ಇಲ್ಲಿ ಮಾರುತ್ತಿರೋದು.

ಪಾಸ್ ಕೊಳ್ಳೋ ಮುಂಚೆ ಒಂದೆರಡು ವಿಷಯ ನೋಡಿ. ಡಿಸ್ನಿ ಹೋಟೆಲ್‌ನಲ್ಲಿ ಉಳಿದರೆ ಅರ್ಧ ಗಂಟೆ ಮೊದಲೇ ಒಳಗೆ ಬಿಡ್ತಾರೆ. ರೈಡ್‌ಗೆ ಬೇಕಾದಷ್ಟು ಎತ್ತರವಿಲ್ಲದ ಮಗು ಜತೆಗಿದ್ದರೆ 'ರೈಡರ್ ಸ್ವಿಚ್' ಕೇಳಿ. ಒಬ್ಬರು ಹೋಗಿಬರುವ ತನಕ ಇನ್ನೊಬ್ಬರು ಮಗು ನೋಡ್ಕೋಬಹುದು, ಆಮೇಲೆ ಅವರು ಮತ್ತೆ ಉದ್ದದ ಸಾಲಲ್ಲಿ ನಿಲ್ಲಬೇಕಿಲ್ಲ. ಅದಕ್ಕೆ ದುಡ್ಡಿಲ್ಲ.