ಗೆರೆಯ ಆಚೆಯ ಊರು

“ಒಂದು ಶಬ್ದವನ್ನು ಆರಿಸಿಕೊಂಡು ಅದರ ವ್ಯಾಖ್ಯೆಯನ್ನೇ ಪ್ರಬಂಧವಾಗಿ ಬರೆದು ತನ್ನಿರಿ” ಎಂದು ನಮ್ಮ ಗುರುಗಳು ಹೇಳಿದಾಗ, ಇದಕ್ಕಿಂತ ಸುಲಭದ ಕೆಲಸ ಮತ್ತೊಂದಿಲ್ಲವೆಂದು ಒಳಗೊಳಗೇ ಹಿಗ್ಗಿದೆ. ಗ್ರಂಥಾಲಯದಲ್ಲಿ ನಿಘಂಟು ಇದೆ, ನಿಘಂಟಿನಲ್ಲಿ ಅರ್ಥವಿದೆ, ಒಂದು ಸಾಲಿನ ಅರ್ಥವನ್ನು ನಾಲ್ಕು ಪುಟಕ್ಕೆ ಜಗ್ಗುವ ವಿದ್ಯೆಯನ್ನು ಪರೀಕ್ಷೆಗಳು ನಮಗೆ ಚೆನ್ನಾಗಿಯೇ ಕಲಿಸಿವೆ.

ಶಬ್ದವನ್ನು ಆರಿಸಲು ತಡವಾಗಲಿಲ್ಲ. ‘ಶುದ್ಧ ಕನ್ನಡ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಇದಕ್ಕೊಂದು ಹಿನ್ನೆಲೆಯುಂಟು. ನಾನು ಮುಂಡರಗಿ ಕಡೆಯವನು. ಹಿಂದಿನ ವರ್ಷ ದೂರದ ಊರೊಂದಕ್ಕೆ ಭಾಷಣ ಸ್ಪರ್ಧೆಗೆಂದು ಹೋಗಿದ್ದೆ. ಮಾತಿನ ಭರದಲ್ಲಿ ‘ಹೇಳಾಕತ್ತೀನಿ’ ಎಂದುಬಿಟ್ಟೆ. ಸಭೆಯಲ್ಲಿ ನಗೆ ಎದ್ದಿತು. ತೀರ್ಪುಗಾರರಲ್ಲೊಬ್ಬರು, “ವಿಚಾರ ಚೆನ್ನಾಗಿದೆ, ಕನ್ನಡ ಮಾತ್ರ ಶುದ್ಧವಿಲ್ಲ” ಎಂದರು. ಅಂದಿನಿಂದ ಊರಿಗೆ ಹೋದರೂ ಪುಸ್ತಕದಂತೆ ಮಾತಾಡತೊಡಗಿದೆ. “ಯಾಕೋ ತಮ್ಮಾ, ಬ್ಯಾರೇದವರ ಮನಿಗೆ ಬಂದವರಂಗ ಮಾತಾಡ್ತಿ?” ಎಂದು ಅವ್ವ ಒಮ್ಮೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

‘ಗ್ರಾಮ್ಯ ಪದಗಳಿಲ್ಲದ, ವ್ಯಾಕರಣಬದ್ಧವಾದ ಕನ್ನಡವೇ ಶುದ್ಧ ಕನ್ನಡ’ ಎಂದು ಆರಂಭವಾಗಿದ್ದ ನನ್ನ ಪ್ರಬಂಧವನ್ನು ಗುರುಗಳು ಮೊದಲ ಸಾಲಿಗೇ ಮಡಚಿಟ್ಟರು.

“ಏನಪಾ, ಆಕಳಂದ್ರ ಏನು?”

“ಕೋಡಿರೋ ಪ್ರಾಣಿ ರೀ, ಸರ್.”

“ಎಮ್ಮಿಗೂ ಕೋಡು ಅದಾವಲ್ಲೋ?”

“ಕಂದು ಬಣ್ಣದ್ದು ಅನ್ರಿ.”

“ಹಂಗಾದ್ರ ಬಿಳೀ ಆಕಳಾ ಎಲ್ಲಿ ಕಟ್ಟೂಣು?”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ನಮ್ಮ ತರ್ಕಶಾಸ್ತ್ರದವರು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದ್ದಾರೆ. ಕೋಡುಳ್ಳದ್ದೆಂದರೆ ಎಮ್ಮೆಯೂ ಒಳಗೆ ನುಗ್ಗುತ್ತದೆ; ಅದು ಅತಿವ್ಯಾಪ್ತಿ. ಕಂದು ಬಣ್ಣದ್ದೆಂದರೆ ಬಿಳಿಯ ಆಕಳು ಹೊರಗುಳಿಯುತ್ತದೆ; ಅದು ಅವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸಿನದೆಂದರೆ ಯಾವ ಆಕಳಿಗೂ ಹೊಂದದು; ಅದು ಅಸಂಭವ. ಯಾವ ವ್ಯಾಖ್ಯೆಯನ್ನು ಓದಿದರೂ, ನಾವೇ ಬರೆದರೂ, ಅದನ್ನು ಈ ಮೂರು ಜರಡಿಗಳಲ್ಲಿ ಹಾಯಿಸಿ ನೋಡಬೇಕಂತೆ.

ಅಂದು ರಾತ್ರಿ ನನ್ನ ವ್ಯಾಖ್ಯೆಯನ್ನು ಜರಡಿಗೆ ಹಾಕಿದೆ. ‘ಹೇಳಾಕತ್ತೀನಿ’ ಎಂಬುದರಲ್ಲಿ ವ್ಯಾಕರಣವಿಲ್ಲವೇ? ಹೇಳಾಕತ್ತಾನ, ಹೇಳಾಕತ್ತಾಳ, ಹೇಳಾಕತ್ತಾರ, ಹೇಳಾಕತ್ತೈತಿ. ಪುರುಷ, ಲಿಂಗ, ವಚನ ಒಂದೂ ತಪ್ಪಿಲ್ಲ. ‘ವ್ಯಾಕರಣಬದ್ಧ’ ಎಂಬ ಬಾಗಿಲಿನಿಂದ ನಾನು ಹೊರಗಟ್ಟಬೇಕೆಂದಿದ್ದ ಮಾತು ನೆಟ್ಟಗೆ ಒಳಗೆ ಬಂದು ಕುಳಿತಿತ್ತು!

ಮರುದಿನ ಗುರುಗಳು ‘ಕವಿರಾಜಮಾರ್ಗ’ವನ್ನು ಕೈಗಿತ್ತರು. ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯನು ರಚಿಸಿದ ಗ್ರಂಥವಿದು. ಹಳಗನ್ನಡ ನನಗೆ ಕಬ್ಬಿಣದ ಕಡಲೆ; ಆದರೂ ಎರಡು ಪದ್ಯಗಳನ್ನು ಹಲ್ಲಿಗೆ ಹಲ್ಲು ಕೊಟ್ಟು ಅಗಿದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿ ಮೊದಲು ವಿಸ್ತಾರವನ್ನು ಹೇಳುತ್ತಾನೆ. ಬಳಿಕ ಅದರೊಳಗೆ ನಾಲ್ಕು ಊರುಗಳನ್ನು ಹೆಸರಿಸಿ, ಅವುಗಳ ನಡುವಣ ನಾಡೇ ಕನ್ನಡದ ತಿರುಳು ಎನ್ನುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ನಗಿಸಿಕೊಂಡು ಬಂದ ನಮ್ಮ ಸೀಮೆಯೇ ತಿರುಳು! ಮುಂದೆ ಪಂಪನೂ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೇಳಿದೆನೆಂದಿದ್ದಾನೆ.

ಹಾಸ್ಟೆಲಿನ ಗೋಡೆಯ ಮೇಲಿನ ನಕ್ಷೆಗೆ ನಾಲ್ಕು ಗುಂಡುಸೂಜಿ ಚುಚ್ಚಿ ದಾರ ಕಟ್ಟಿದೆವು. ಗದಗ-ಬೆಟಗೇರಿ ನಿಸ್ಸಂದೇಹವಾಗಿ ಒಳಗೆ. ಲಕ್ಷ್ಮೇಶ್ವರದ ಗೆಳೆಯ ಸೂಜಿಯ ಮೇಲೇ ಕುಳಿತವನಂತೆ ಮೀಸೆ ತಿರುವಿದ. ಶಿರಹಟ್ಟಿ ದಾರದ ಹತ್ತಿರವಿದ್ದರೂ ಒಳಗೇ ಉಳಿಯಿತು. ಮುಂಡರಗಿ? ಲಕ್ಷ್ಮೇಶ್ವರದಿಂದ ಕೊಪ್ಪಳಕ್ಕೆ ಎಳೆದ ದಾರಕ್ಕೆ ತುಸುವೇ ತೆಂಕಣಕ್ಕೆ, ಹೊರಗೆ ಬಿತ್ತು! “ನೀ ಸಿಪ್ಪಿ, ಬಿಡು” ಎಂದು ಗೆಳೆಯರು ಕೇಕೆ ಹಾಕಿದರು.

ವಾಚಕರು ನಗಬಹುದು. ನನಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮತ್ತೆ ಪದ್ಯವನ್ನು ತೆರೆದೆ. ಕವಿ ‘ನಡುವಣ ನಾಡು’ ಎಂದಿದ್ದಾನೆ, ‘ತಿರುಳು’ ಎಂದಿದ್ದಾನೆ. ದಾರವೆಲ್ಲಿದೆ? ದಾರ ನಮ್ಮದು! ಮಾವಿನ ಹಣ್ಣಿನ ತಿರುಳು ಇಲ್ಲಿಗೆ ಮುಗಿಯಿತು, ಇಲ್ಲಿಂದ ಸಿಪ್ಪೆಯೆಂದು ಯಾರು ಅಳೆದು ತಿಂದಾರು? ನಟ್ಟನಡುವನ್ನು ತೋರಿಸುವ ವ್ಯಾಖ್ಯೆ ಬೇರೆ, ಬೇಲಿ ಹಾಕುವ ವ್ಯಾಖ್ಯೆ ಬೇರೆ. ಕವಿ ಮೊದಲನೆಯದನ್ನು ಮಾಡಿದ್ದ. ನಾವು ಅದನ್ನು ಎರಡನೆಯದಾಗಿ ಓದಿದ್ದೆವು. ಅದೇ ಗ್ರಂಥದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳಿದ್ದಾನೆ: ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಇಷ್ಟೇ ಎಂದು ವಾಸುಕಿಯೂ ತಿಳಿಯಲಾರದೆ ಬೇಸರಗೊಂಡಾನು ಎಂದು. ವಾಸುಕಿಗೇ ಆಗದ್ದನ್ನು ಭಾಷಣ ಸ್ಪರ್ಧೆಯ ತೀರ್ಪುಗಾರರು ಐದು ನಿಮಿಷದಲ್ಲಿ ಮಾಡಿ ಮುಗಿಸಿದ್ದರು.

ಆದರೂ ಒಂದು ಅನುಮಾನ ಉಳಿಯಿತು. ಗೆರೆಯೇ ಬೇಡವೆಂದರೆ ವ್ಯಾಖ್ಯೆಯಾದರೂ ಏತಕ್ಕೆ? ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ: “ಎರಿ ಹೊಲ ಎಲ್ಲಿ ಮುಗೀತೈತಿ, ಮಸಾರಿ ಎಲ್ಲಿಂದ?” ನಮ್ಮ ಹೊಲದಲ್ಲಿ ಕರಿ ಮಣ್ಣು ಕ್ರಮೇಣ ಕೆಂಪಾಗುತ್ತ ಹೋಗುತ್ತದೆ. ಅಪ್ಪ, “ಬಿತ್ತಾಕ ಕೇಳ್ತಿಯೋ, ಮಾರಾಕ ಕೇಳ್ತಿಯೋ?” ಎಂದ. ಬಿತ್ತುವವನಿಗೆ ಹಿಂಗಾರಿ ಜೋಳ ಎಲ್ಲಿಯವರೆಗೆ ಬರುತ್ತದೆಂಬುದಷ್ಟೇ ಗೆರೆ. ಅದು ಮಳೆ ನೋಡಿ ಸರಿಯುತ್ತದೆ. ಮಾರುವಾಗ ಮಾತ್ರ ಕಲ್ಲು ನೆಡಬೇಕು. ಶ್ರೀವಿಜಯನೂ ಕಾವ್ಯ ಬರೆಯುವವರಿಗೆ ದಾರಿ ತೋರಲು ಹೊರಟವನು. ಯಾರ ಬಾಯನ್ನೂ ಮುಚ್ಚಿಸಲು ಹೊರಟವನಲ್ಲ.

ಪ್ರಬಂಧವನ್ನು ಎರಡನೆಯ ಸಲ ಬರೆದು ಕೊಟ್ಟೆ. ‘ಶುದ್ಧ’ ಎಂಬುದನ್ನು ನಾನೇ ಹೊಡೆದುಹಾಕಿ ‘ನಮ್ಮ ಕನ್ನಡ’ ಎಂದು ಮಾಡಿದ್ದೆ. ಈ ಸಲ ಗುರುಗಳು ಕೊನೆಯವರೆಗೂ ಓದಿದರು. ಆದರೆ ಅಂಚಿನಲ್ಲಿ ಕೆಂಪು ಶಾಯಿಯಿಂದ, ‘ನಮ್ಮ ಎಂದರೆ ಯಾರ?’ ಎಂದು ಬರೆದಿದ್ದರು.

ಮೂರನೆಯ ಸಲ ಬರೆಯಬೇಕಾಗಿದೆ. ಶನಿವಾರ ಮುಂಡರಗಿ ಬಸ್ಸು ಹತ್ತಿ, ಕಿಟಕಿಯ ಪಕ್ಕದಲ್ಲಿ ಜಾಗ ಹಿಡಿದು, ಅವ್ವಗೆ ಫೋನು ಮಾಡಿ “ಬರಾಕತ್ತೀನಿ” ಎಂದೆ.