ಹತ್ತು ಡಿಗ್ರಿ ಹಿಂದೆ, ಒಂಬತ್ತೂವರೆ ಗಂಟೆ ಮುಂದೆ

ಕಳೆದ ವರ್ಷ 3,200 ಡಾಲರ್ ಕೊಟ್ಟು ನನಗಿಂತ ವಯಸ್ಸಾದ ಗಾಡಿಯೊಂದನ್ನು ತಗೊಂಡೆ. 1989ರ ಫೋರ್ಡ್ ಎಫ್-150 ಪಿಕಪ್. ಆರು ಸಿಲಿಂಡರ್ ಒಂದೇ ಸಾಲಲ್ಲಿ ನಿಂತಿರುವ 4.9 ಲೀಟರ್ ಪೆಟ್ರೋಲ್ ಎಂಜಿನ್. ಪಿಟ್ಸ್‌ಬರ್ಗ್‌ನ ನಮ್ಮ ಆಫೀಸಿನ ಗೆಳೆಯರು ನಕ್ಕರು. "ಸೋಫಾ ಸಾಗಿಸೋಕೆ ಟ್ರಕ್ ಬಾಡಿಗೆಗೆ ಸಿಗುತ್ತಲ್ಲೋ" ಅಂದರು.

ಅವರಿಗೆ ನಿಜವಾದ ಕಾರಣ ಹೇಳಲಿಲ್ಲ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮಪ್ಪನ ಗ್ಯಾರೇಜ್ ಇತ್ತು. ಅಂಬಾಸಿಡರ್, ಪೆಟ್ರೋಲ್ ಜೀಪು ಅಂದರೆ ಸುತ್ತಲಿನ ಹಳ್ಳಿಯವರು ಅಪ್ಪನ ಹತ್ರಾನೇ ಬರುತ್ತಿದ್ದರು. ನಾನು ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಗ್ರೀಸ್ ವಾಸನೆ ಕಾಲೇಜಿನ ಅಂಗಿಗೆ ಹತ್ತುತ್ತೆ ಅನ್ನೋ ಜಂಬ. ಕೆಲಸ ಸಿಕ್ಕ ಮೇಲಂತೂ "ಆ ಗಾಡಿಗಳ ಕಾಲ ಮುಗೀತು, ಮುಚ್ಚಿಬಿಡಿ ಅಪ್ಪ" ಅಂತ ಪ್ರತಿ ಸಲ ಊರಿಗೆ ಹೋದಾಗಲೂ ಹೇಳಿದೆ. ನಾಲ್ಕು ವರ್ಷದ ಹಿಂದೆ ಮುಚ್ಚಿಬಿಟ್ಟರು. ಅಲ್ಲಿಂದಾಚೆ ಫೋನಿನಲ್ಲಿ ನಮ್ಮಿಬ್ಬರ ಮಾತು "ಊಟ ಆಯ್ತಾ", "ಮಳೆ ಬಂತಾ" ಅಷ್ಟಕ್ಕೇ ನಿಂತಿತು. ನಾನೇ ಮುಚ್ಚಿಸಿದೆ ಅನ್ನೋದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಳೇ ಗಾಡಿಯೊಂದಿದ್ದರೆ ಕೇಳೋಕೆ ಏನಾದರೂ ಇರುತ್ತೆ ಅನ್ನಿಸಿತು.

ಕೇಳೋ ವಿಷಯ ಬೇಗನೇ ಸಿಕ್ಕಿತು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದ ಹಾಗೆ ಟಿಕಿಟಿಕಿ ಸದ್ದು. ಎಂಜಿನ್ ನಾಕಿಂಗ್. ಅಮೆರಿಕದಲ್ಲಿ ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ ದೋಷ ಓದುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿದ್ದು 1996ರಿಂದ. ನನ್ನದು ಅದಕ್ಕಿಂತ ಹಳೆಯದು. ಡೀಬಗ್ ಕೈಯಿಂದಲೇ ಮಾಡಬೇಕು.

ಸ್ವಲ್ಪ ಓದಿಕೊಂಡೆ. ಪಿಸ್ಟನ್ ಪೂರ್ತಿ ಮೇಲೆ ಬಂದ ಮೇಲೆ ಕಿಡಿ ಹಾರುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಪೆಟ್ರೋಲ್ ಆವಿ ಒಂದೇ ಏಟಿಗೆ ಸಿಡಿಯೋದಿಲ್ಲ, ಉರಿಯೋಕೆ ಸಮಯ ಬೇಕು. ಪಿಸ್ಟನ್ ತುದಿ ದಾಟಿ ಸ್ವಲ್ಪ ಕೆಳಗಿಳಿಯುವಾಗ ಒತ್ತಡ ಗರಿಷ್ಠವಾಗಿರಬೇಕು ಅಂದರೆ, ಕಿಡಿ ಮೊದಲೇ ಹಾರಬೇಕು. ನನ್ನ ಎಂಜಿನ್‌ಗೆ ಅದು ತುದಿಗಿಂತ 10 ಡಿಗ್ರಿ ಮೊದಲು. ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೆ ಒಂದು ಮಿಲಿಸೆಕೆಂಡಿಗೆ 4.2 ಡಿಗ್ರಿ. ಅಂದರೆ 10 ಡಿಗ್ರಿ ಅಂದರೆ ಬರೀ 2.4 ಮಿಲಿಸೆಕೆಂಡ್. ಕಿಡಿ ಇನ್ನೂ ಬೇಗ ಹಾರಿದರೆ ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಒತ್ತಡ, ಬಿಸಿ ಎರಡೂ ಏರಿ, ಉಳಿದ ಪೆಟ್ರೋಲ್ ಆವಿ ತಾನಾಗೇ ಸಿಡಿಯುತ್ತೆ. ಆ ಟಿಕಿಟಿಕಿ ಅದೇ. ಹಾಗೇ ಬಿಟ್ಟರೆ ಪಿಸ್ಟನ್ನೇ ಹಾಳಾಗಬಹುದು.

ಓದಿದ್ದೇನೋ ಆಯ್ತು, ಆದರೂ ಅಪ್ಪನನ್ನು ಕೇಳೋಣ ಅನ್ನಿಸಿತು. ಆ ಏರಿನಲ್ಲಿ ಫೋನನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಸದ್ದು ರೆಕಾರ್ಡ್ ಮಾಡಿ ಕಳಿಸಿದೆ. ಶನಿವಾರ ಬೆಳಗ್ಗೆ ಎಂಟಕ್ಕೆ, ಅವರಿಗೆ ಸಂಜೆ ಐದೂವರೆಗೆ, ವಿಡಿಯೋ ಕಾಲ್ ಮಾಡಿದೆ.

"ಕೇಳಿದ್ರಾ ಅಪ್ಪ?"

"ಕೇಳ್ದೆ. ಎಂಜಿನ್ ಚೆನ್ನಾಗೇ ಇದೆಯಲ್ಲೋ. ಏನೂ ತೊಂದರೆ ಇಲ್ಲ."

ಫೋನಿನ ಸ್ಪೀಕರ್ ಸರಿಯಿಲ್ಲವೇನೋ ಅಂದುಕೊಂಡೆ. ಇನ್ನೊಂದು ಸಲ ಹಾಕಿಸಿದೆ. ಅದೇ ಉತ್ತರ. ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಂದ ಅಮ್ಮ, "ಅದೇನ್ರೀ ಅದು, ಟಿಕಿಟಿಕಿ ಅಂತ ಹೊಡ್ಕೊಳ್ತಿದೆ?" ಅಂದರು.

ಅಪ್ಪ ಮಾತಾಡಲಿಲ್ಲ. ಲೋಟ ಇಸ್ಕೊಂಡು ಪಕ್ಕಕ್ಕಿಟ್ಟರು.

ಈ ಮನುಷ್ಯ ಬರೀ ಕಿವಿಯಿಂದ ಟೈಮಿಂಗ್ ಕೂಡಿಸುತ್ತಿದ್ದವರು. ಪಾಯಿಂಟ್ ಗ್ಯಾಪ್ ನೋಡಿ, ಟೆಸ್ಟ್ ಲ್ಯಾಂಪ್ ಹಿಡಿದು ಅಂದಾಜಿಗೆ ತಂದು, ಆಮೇಲೆ ಗಾಡಿಯನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸಿ, ನಾಕಿಂಗ್ ಶುರುವಾಗುವ ತನಕ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಅಲ್ಲಿಂದ ಕೂದಲೆಳೆಯಷ್ಟು ಹಿಂದೆ ತರುವುದು ಅವರ ಪದ್ಧತಿ. ಆ ಸದ್ದೇ ಈಗ ಅವರಿಗೆ ಕೇಳಿಸುತ್ತಿಲ್ಲ.

"ಎಷ್ಟು ದಿನ ಆಯ್ತಪ್ಪ?" ಅಂತ ಕೇಳಿದೆ.

"ಗ್ಯಾರೇಜ್ ಮುಚ್ಚೋಕೆ ಒಂದು ವರ್ಷ ಮುಂಚೆಯಿಂದ" ಅಂದರು. "ನೀನು ಹೇಳ್ದೆ ಅಂತ ಮುಚ್ಚಲಿಲ್ಲ ಕಣೋ. ಒಬ್ಬರಿಗೆ ಜೀಪು ಟೈಮಿಂಗ್ ಮಾಡಿಕೊಟ್ಟೆ. ಎರಡು ದಿನ ಬಿಟ್ಟು ವಾಪಸ್ ತಂದ್ರು, ನಾಕಿಂಗ್ ಹೊಡೀತಿದೆ ಅಂತ. ಪಕ್ಕದಲ್ಲಿ ಕೂತು ಓಡಿಸಿ ತೋರಿಸಿದ್ರು. ನನಗೆ ಏನೂ ಕೇಳಿಸ್ಲಿಲ್ಲ. ಜನರ ದುಡ್ಡು ಇಸ್ಕೊಂಡು ಅವರ ಎಂಜಿನ್ ಹಾಳು ಮಾಡೋದು ಬೇಡ ಅಂತ ಷಟರ್ ಎಳೆದೆ."

ನಾಲ್ಕು ವರ್ಷದಿಂದ ಹೊತ್ತುಕೊಂಡಿದ್ದ ತಪ್ಪು ನನ್ನದಾಗಿರಲಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಆಗ ಅವರ ಕಿವಿಯ ವಿಷಯ ನಾನು ಒಂದು ಸಲವಾದರೂ ಕೇಳಿದ್ದರೆ ಅನ್ನಿಸಿತು. ವರ್ಷಾನುಗಟ್ಟಲೆ ಶಬ್ದದಲ್ಲಿ ಕೆಲಸ ಮಾಡಿದವರ ಕಿವಿಗೆ ಮೊದಲು ಹೋಗುವುದು 3ರಿಂದ 6 ಕಿಲೋಹರ್ಟ್ಸ್ ಆಸುಪಾಸಿನ ಚೂಪು ಸದ್ದು. ನನ್ನ ಎಂಜಿನ್ನಿನ ಸಿಲಿಂಡರ್ ಅಗಲಕ್ಕೆ ನಾಕಿಂಗ್ ಸದ್ದೂ ಸುಮಾರು 5-6 ಕಿಲೋಹರ್ಟ್ಸ್. ಮಾತು, ಹಾರನ್ನು, ಸೈಲೆನ್ಸರಿನ ಗುಡುಗುಡು ಎಲ್ಲ ಕೇಳಿಸುತ್ತಿದ್ದದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅಪ್ಪನೇ ಕೇಳಿದರು. "ಟೈಮಿಂಗ್ ಲೈಟ್ ಇದೆಯಾ?"

"ಇದೆ."

"ಹಾಗಾದ್ರೆ ಕಿವಿ ಯಾಕೆ, ಕಣ್ಣಿದೆಯಲ್ಲ. ಶುರು ಮಾಡು. ಫ್ಯಾನ್ ಹತ್ರ ತೋಳು ಬಿಟ್ಕೊಂಡು ಹೋಗ್ಬೇಡ. ಆ ಲೈಟಲ್ಲಿ ತಿರುಗೋ ಫ್ಯಾನೂ ನಿಂತ ಹಾಗೆ ಕಾಣುತ್ತೆ."

ಎಂಜಿನ್ ಬಿಸಿ ಮಾಡಿ ಆಫ್ ಮಾಡಿದೆ. ಕ್ರ್ಯಾಂಕ್ ಪುಲ್ಲಿಯನ್ನು ಒರೆಸಿ, 10ರ ಗುರುತಿನ ಮೇಲೆ ಬಿಳಿ ಬಣ್ಣ ಹಚ್ಚಿದೆ. ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿದೆ. ಈ ಗಾಡಿಯಲ್ಲಿ ಒಂದು ವಿಶೇಷ ಇದೆ. ಡಿಸ್ಟ್ರಿಬ್ಯೂಟರ್ ಹತ್ತಿರ ಸ್ಪೌಟ್ ಅನ್ನೋ ಪುಟ್ಟ ಕನೆಕ್ಟರ್ ಇರುತ್ತೆ. ಅದನ್ನು ಕಿತ್ತರೆ ಗಾಡಿಯ ಕಂಪ್ಯೂಟರ್ ಟೈಮಿಂಗ್ ಮುಟ್ಟೋದಿಲ್ಲ, ಮೂಲ ಟೈಮಿಂಗ್ ಎಷ್ಟಿದೆಯೋ ಅದೇ ಕಾಣುತ್ತೆ. ಅದನ್ನು ಕೀಳದೆ ನೋಡಿದರೆ ಕಂಪ್ಯೂಟರ್ ಸೇರಿಸಿದ್ದೂ ಸೇರಿ ತಪ್ಪು ಲೆಕ್ಕ ಬರುತ್ತೆ.

ಕಿತ್ತು, ಸ್ಟಾರ್ಟ್ ಮಾಡಿ ಲೈಟ್ ಬಿಟ್ಟೆ. 16 ಡಿಗ್ರಿ. ಹಿಂದೆ ಯಾರೋ ಡಿಸ್ಟ್ರಿಬ್ಯೂಟರ್ ಬಿಚ್ಚಿ ಅಂದಾಜಿಗೆ ಕೂರಿಸಿರಬೇಕು.

"ರೋಟರ್ ಯಾವ ಕಡೆ ತಿರುಗುತ್ತೆ?"

"ಗಡಿಯಾರದ ಮುಳ್ಳಿನ ಕಡೆ."

"ಹಾಗಾದ್ರೆ ಡಿಸ್ಟ್ರಿಬ್ಯೂಟರ್‌ನೂ ಅದೇ ಕಡೆ ತಿರುಗಿಸು, ಕಿಡಿ ತಡ ಆಗುತ್ತೆ. ಬೋಲ್ಟ್ ಪೂರ್ತಿ ಬಿಚ್ಬೇಡ, ಕೈಗೆ ಬಿಗಿಯಾಗಿ ತಿರುಗೋ ಅಷ್ಟು ಸಡಿಲ ಮಾಡು."

ಅಕ್ಕಿಕಾಳಿನಷ್ಟು ತಿರುಗಿಸಿದೆ. ಬಿಳಿ ಗುರುತು ಮೆಲ್ಲಗೆ ಸರಿದು ಮುಳ್ಳಿನ ನೇರಕ್ಕೆ ಬಂತು. ಬೋಲ್ಟ್ ಬಿಗಿ ಮಾಡಿ, "ಹತ್ತು ಬಂತಪ್ಪ!" ಅಂತ ಕೂಗಿದೆ.

"ಬಿಗಿ ಮಾಡಿದ ಮೇಲೆ ಮತ್ತೆ ನೋಡಿದ್ಯಾ?"

ನೋಡಿರಲಿಲ್ಲ. ಲೈಟ್ ಬಿಟ್ಟೆ. 12ಕ್ಕೆ ಹೋಗಿತ್ತು. ಬೋಲ್ಟ್ ಬಿಗಿಯುವಾಗ ಡಿಸ್ಟ್ರಿಬ್ಯೂಟರ್ ಜರುಗಿತ್ತು. ಅಪ್ಪ ಜೋರಾಗಿ ನಕ್ಕರು. ನಾಲ್ಕು ವರ್ಷದಲ್ಲಿ ಫೋನಿನಲ್ಲಿ ಅವರು ಹಾಗೆ ನಕ್ಕಿದ್ದು ನಾನು ಕೇಳಿರಲಿಲ್ಲ. ಮತ್ತೆ ಸಡಿಲಿಸಿ, ಹತ್ತಕ್ಕೆ ತಂದು, ಬಿಗಿದು, ಇನ್ನೊಮ್ಮೆ ನೋಡಿ, ಎಂಜಿನ್ ನಿಲ್ಲಿಸಿ ಸ್ಪೌಟ್ ಕನೆಕ್ಟರ್ ವಾಪಸ್ ಹಾಕಿದೆ.

ಮಾರನೇ ವಾರ ತಂಗಿ ಅಪ್ಪನನ್ನು ತುಮಕೂರಿಗೆ ಕರ್ಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಮೆಷಿನ್ ಹಾಕ್ಕೊಳ್ಳೋಕೆ ಈಗಲೂ ಗೊಣಗುತ್ತಾರೆ, ಫ್ಯಾನ್ ಸದ್ದೇ ತಲೆನೋವಂತೆ. ದಿನಕ್ಕೆ ಒಂದೆರಡು ಗಂಟೆ ಹಾಕ್ಕೊಂಡರೆ ಹೆಚ್ಚು. ಅದೇ ಏರಿನಲ್ಲಿ ಮಾಡಿದ ಹೊಸ ರೆಕಾರ್ಡಿಂಗ್ ಕಳಿಸಿದಾಗ ಮಾತ್ರ ತಾವಾಗೇ ಹಾಕ್ಕೊಂಡು, ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ಕೇಳಿದರಂತೆ.

ರಾತ್ರಿ ಮೆಸೇಜ್ ಬಂತು: "ಹಳೇದ್ರಲ್ಲಿ ಸ್ವಲ್ಪ ಕೇಳಿಸ್ತು. ಹೊಸದ್ರಲ್ಲಿ ಇಲ್ಲ. ಅಮ್ಮನೂ ಇಲ್ಲ ಅಂದ್ಲು. ಪ್ಲಗ್ ಬಿಚ್ಚಿ ಫೋಟೋ ಕಳಿಸು, ಬಣ್ಣ ನೋಡ್ತೀನಿ."