ಲಿಫ್ಟ್ ಮ್ಯೂಸಿಕ್ ಅಂತ ನಕ್ಕವರಿಗೆ

ಕೆನ್ನಿ ಜಿ ಅನ್ನೋ ಹೆಸರು ಕೇಳದವರು ಕೂಡ ಕೆನ್ನಿ ಜಿ ಸಂಗೀತ ಕೇಳಿರ್ತಾರೆ. ಹೋಟೆಲ್ ಲಾಬಿಯಲ್ಲಿ, ಮಾಲ್‌ನ ಲಿಫ್ಟ್‌ನಲ್ಲಿ, ಹಲ್ಲಿನ ಡಾಕ್ಟರ್ ಹತ್ರ ಕಾಯುವಾಗ, ಎಲ್ಲೋ ಮೇಲಿನ ಸ್ಪೀಕರ್‌ನಿಂದ ಮೆತ್ತಗೆ ಒಂದು ಸ್ಯಾಕ್ಸೋಫೋನ್ ಬರ್ತಾ ಇರುತ್ತಲ್ಲ, ಅದು ಅವರದ್ದೇ ಆಗಿರೋ ಸಾಧ್ಯತೆ ಜಾಸ್ತಿ. ಉದ್ದದ ಗುಂಗುರು ಕೂದಲು, ಕೈಯಲ್ಲಿ ಕ್ಲಾರಿನೆಟ್ ಥರ ನೆಟ್ಟಗಿರುವ ಸೊಪ್ರಾನೊ ಸ್ಯಾಕ್ಸೋಫೋನ್. ಮಾರಾಟವಾದ ರೆಕಾರ್ಡ್‌ಗಳು ಏಳೂವರೆ ಕೋಟಿಗೂ ಹೆಚ್ಚು. ಬರೀ ವಾದ್ಯ ನುಡಿಸಿ ಇಷ್ಟು ಮಾರಿದವರು ಬಹಳ ಕಡಿಮೆ. ಬರೀ ವಾದ್ಯ ನುಡಿಸಿ ಇಷ್ಟೊಂದು ಬೈಸಿಕೊಂಡವರು ಇನ್ನೂ ಕಡಿಮೆ.

ನಾನು ದಕ್ಷಿಣ ಕನ್ನಡದವನು. ನಮ್ಮ ಕಡೆ ಸ್ಯಾಕ್ಸೋಫೋನ್ ಪರದೇಶದ ವಾದ್ಯ ಅಂತ ಯಾರಿಗೂ ಅನ್ನಿಸೋದಿಲ್ಲ. ಮದುವೆಗೂ ಬೇಕು, ದೇವಸ್ಥಾನದ ಉತ್ಸವಕ್ಕೂ ಬೇಕು. ಕದ್ರಿ ಗೋಪಾಲನಾಥ್ ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾಗಿ, ಗಮಕ ಹೊರಡಿಸೋಕೆ ತಕ್ಕ ಹಾಗೆ ವಾದ್ಯವನ್ನೇ ಬದಲಾಯಿಸಿಕೊಂಡು ಕಚೇರಿಯ ವೇದಿಕೆಗೆ ತಂದ ಕಥೆ ನಿಮಗೂ ಗೊತ್ತಿರಬಹುದು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಸ್ಯಾಕ್ಸೋಫೋನ್ ಕೂಡ ಇತ್ತು. ಅಪ್ಪ ಗಲ್ಫ್‌ನಲ್ಲಿದ್ದಾಗ ಕೊಂಡ 'ಬ್ರೆತ್‌ಲೆಸ್' ಕ್ಯಾಸೆಟ್. ರೂಮಿನಲ್ಲಿ ಎಂಟು ಜನ, ನಾಲ್ಕೈದು ಭಾಷೆ. ಹಾಡು ಹಾಕಿದ್ರೆ ಯಾವ ಭಾಷೆಯದ್ದು ಅಂತ ಜಗಳ. ಈ ಕ್ಯಾಸೆಟ್‌ಗೆ ಮಾತ್ರ ಯಾರದ್ದೂ ತಕರಾರಿರಲಿಲ್ಲವಂತೆ. "ಮಾತೇ ಇಲ್ಲ ಅಲ್ವಾ ಮಾರಾಯ, ಜಗಳ ಯಾಕೆ" ಅಂತಾರೆ ಅಪ್ಪ. ಅವರಿಗೆ ಜಾಝ್ ಅಂದ್ರೆ ಏನು ಅಂತ ಗೊತ್ತಿಲ್ಲ. ಗೊತ್ತಾಗಬೇಕು ಅಂತಲೂ ಇಲ್ಲ.

ಹಾಸ್ಟೆಲ್‌ಗೆ ಬಂದ ಮೇಲೆ ಅದೇ ಆಲ್ಬಂ ನನ್ನ ಫೋನಿನಲ್ಲಿ ನೋಡಿ, ಚೆನ್ನಾಗಿ ಗಿಟಾರ್ ನುಡಿಸೋ ಗೆಳೆಯನೊಬ್ಬ ನಕ್ಕುಬಿಟ್ಟ. "ಇದು ಲಿಫ್ಟ್ ಮ್ಯೂಸಿಕ್ ಕಣೋ. ಕೇಳೋದಾದ್ರೆ ಕೋಲ್ಟ್ರೇನ್ ಕೇಳು." ಅವನಿಗೆ ಸಂಗೀತ ನಿಜವಾಗಿ ಗೊತ್ತು. ಹಾಗಾದ್ರೆ ಅಪ್ಪನ ಕಿವಿಗೆ ಏನೂ ಗೊತ್ತಿಲ್ವಾ? ಸೆಮ್ ರಜೆಯಲ್ಲಿ ಕೂತು ಇಬ್ಬರದ್ದನ್ನೂ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ.

ಕೆನ್ನಿ ಜಿ ಅಂದ್ರೆ ಕೆನೆತ್ ಗೊರೆಲಿಕ್. ಹುಟ್ಟಿದ್ದು 1956ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಹತ್ತನೇ ವಯಸ್ಸಿಗೆ ಟಿವಿಯಲ್ಲಿ ಯಾರೋ ಸ್ಯಾಕ್ಸೋಫೋನ್ ನುಡಿಸೋದು ನೋಡಿ ತಾನೂ ಕಲಿಯೋಕೆ ಶುರು ಮಾಡಿದರು. ಹೈಸ್ಕೂಲಿನ ಜಾಝ್ ಬ್ಯಾಂಡ್ ಮೊದಲ ಸಲ ಅವರನ್ನು ಸೇರಿಸಿಕೊಳ್ಳಲೇ ಇಲ್ಲ. ಮರುವರ್ಷ ಮತ್ತೆ ಹೋದಾಗ ಸಿಕ್ಕಿದ್ದು ಮೊದಲನೇ ಕುರ್ಚಿ. ಹದಿನೇಳಕ್ಕೆ ಬ್ಯಾರಿ ವೈಟ್ ಅವರ ಲವ್ ಅನ್‌ಲಿಮಿಟೆಡ್ ಆರ್ಕೆಸ್ಟ್ರಾದಲ್ಲಿ ನುಡಿಸಿದರು. ಆದರೂ ಡಿಗ್ರಿ ಬಿಡಲಿಲ್ಲ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಓದಿದ್ದು ಅಕೌಂಟಿಂಗ್, ಅದೂ ಒಳ್ಳೆ ಮಾರ್ಕ್ಸ್ ತಗೊಂಡು. ಒಂದು ಕಡೆ ಡಿಗ್ರಿ, ಇನ್ನೊಂದು ಕಡೆ ಮನಸ್ಸು ಇರೋ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಆಮೇಲೆ ಜೆಫ್ ಲಾರ್ಬರ್ ಫ್ಯೂಷನ್ ಅನ್ನೋ ತಂಡ, ಅಲ್ಲಿಂದ ಅರಿಸ್ಟಾ ಕಂಪನಿಯ ಕಾಂಟ್ರ್ಯಾಕ್ಟ್. 1982ರಿಂದ ಮೂರು ಆಲ್ಬಂ ಬಂದವು, ಆದರೆ ದೊಡ್ಡ ಹಿಟ್ ಒಂದೂ ಇಲ್ಲ. 1986ರಲ್ಲಿ ನಾಲ್ಕನೆಯದು 'ಡ್ಯುವೊಟೋನ್ಸ್'. ಅದರಲ್ಲಿದ್ದ 'ಸಾಂಗ್‌ಬರ್ಡ್'ಗೆ ಸಾಹಿತ್ಯ ಇಲ್ಲ, ಗಾಯಕರಿಲ್ಲ. ಗಾಯಕರಿಲ್ಲದ ಟ್ರ್ಯಾಕ್ ರೇಡಿಯೊದಲ್ಲಿ ಓಡಲ್ಲ ಅನ್ನೋದು ಆಗಿನ ಲೆಕ್ಕ. ಜಾನಿ ಕಾರ್ಸನ್ ಅವರ ಟಿವಿ ಶೋಗೆ ಕರೆದಾಗ ನುಡಿಸಬೇಕು ಅಂತ ಮೊದಲೇ ನಿಗದಿಯಾಗಿದ್ದು ಬೇರೆ ಹಾಡು. ಇವರು ಅದನ್ನು ಬಿಟ್ಟು 'ಸಾಂಗ್‌ಬರ್ಡ್' ನುಡಿಸಿಬಿಟ್ಟರು. 1987ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. 1992ರ 'ಬ್ರೆತ್‌ಲೆಸ್', ಅಂದ್ರೆ ಅಪ್ಪನ ಕ್ಯಾಸೆಟ್, ಅಮೆರಿಕ ಒಂದರಲ್ಲೇ 12 ಸಲ ಪ್ಲಾಟಿನಂ ಆಯಿತು.

ಇದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಗ್ತಾ ಇತ್ತು. 1987ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ದಿ ವೇವ್' ಅನ್ನೋ ರೇಡಿಯೊ ಸ್ಟೇಷನ್ ಶುರುವಾಯ್ತು. ಆಫೀಸಿನಲ್ಲಿ ಕೆಲಸ ಮಾಡುವಾಗ, ಕಾರು ಓಡಿಸುವಾಗ ಹಿನ್ನೆಲೆಯಲ್ಲಿ ಹಿತವಾಗಿ ಹರಿಯೋ ಸಂಗೀತ. ಅದೇ ದಾರಿಯಲ್ಲಿ ಬೇರೆ ಊರುಗಳಲ್ಲೂ ಸ್ಟೇಷನ್‌ಗಳು ಹುಟ್ಟಿದವು. ಕೇಳುಗರನ್ನು ಕೂರಿಸಿಕೊಂಡು, ಯಾವ ತುಣುಕು ಇಷ್ಟ, ಯಾವುದು ಕಿರಿಕಿರಿ ಅಂತ ಕೇಳಿ ಕೇಳಿ ಪಟ್ಟಿ ಮಾಡಿದರು. 'ಸ್ಮೂತ್ ಜಾಝ್' ಅನ್ನೋ ಹೆಸರು ಗಟ್ಟಿಯಾಗಿದ್ದು ಆ ಮಾರ್ಕೆಟ್ ರಿಸರ್ಚಿನಲ್ಲೇ. ಅಂದ್ರೆ ಇದು ವಾದಕರು ಇಟ್ಟುಕೊಂಡ ಹೆಸರಲ್ಲ, ಮಾರೋವಾಗ ಅಂಟಿಸಿದ ಲೇಬಲ್. ಜಗಳದ ಅರ್ಧ ಭಾಗ ಈ ಲೇಬಲ್‌ನಲ್ಲೇ ಇದೆ ಅಂತ ನನಗನ್ನಿಸುತ್ತೆ.

ಯಾಕೆ ಅಂದ್ರೆ, ಜಾಝ್ ಅಂದ್ರೆ ಮಾತುಕತೆ. ಸೊಪ್ರಾನೊ ಸ್ಯಾಕ್ಸೋಫೋನಿಗೆ ಹೊಸ ಜೀವ ಕೊಟ್ಟ ಕೋಲ್ಟ್ರೇನ್ ಅವರ 1961ರ 'ಮೈ ಫೇವರಿಟ್ ಥಿಂಗ್ಸ್' ಕೇಳಿ. ಅವರು ಒಂದು ಕಡೆ ಎಳೆದರೆ ಡ್ರಮ್ಸ್ ಇನ್ನೊಂದು ಕಡೆ ಎಳೆಯುತ್ತೆ, ಪಿಯಾನೊ ನಡುವೆ ಬಾಯಿ ಹಾಕುತ್ತೆ. ಮುಂದೇನು ಅಂತ ನುಡಿಸುವವರಿಗೂ ಪೂರ್ತಿ ಗೊತ್ತಿಲ್ಲ. 'ಸಾಂಗ್‌ಬರ್ಡ್'ನಲ್ಲಿ ಆ ಅಪಾಯ ಇಲ್ಲ. ತಾಳ ಅದರ ಪಾಡಿಗೆ ಹೋಗುತ್ತೆ, ಸ್ಯಾಕ್ಸೋಫೋನ್ ಏನು ನುಡಿಸಿದರೂ ಅದು ತಿರುಗಿ ಮಾತಾಡೋದಿಲ್ಲ. ಜಾಝ್ ಅನ್ನೋ ಅಳತೆಗೋಲು ಹಿಡಿದರೆ ನನ್ನ ಗೆಳೆಯ ಹೇಳಿದ್ದು ಸರಿ.

ಹಾಗಂತ ಇದು ಸುಲಭದ ಕೆಲಸ ಅಂದುಕೊಂಡರೆ ಅದು ತಪ್ಪು. ಹೈಸ್ಕೂಲಿನಿಂದ ಇವತ್ತಿನವರೆಗೂ ಅವರ ಕೈಯಲ್ಲಿರೋದು ಅದೇ ಸೆಲ್ಮರ್ ಸೊಪ್ರಾನೊ. ದಿನಾ ಮೂರು ಗಂಟೆ ಅಭ್ಯಾಸ ಮಾಡ್ತೀನಿ ಅಂತ ಅವರೇ ಹೇಳಿಕೊಂಡಿದ್ದಾರೆ. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದೇ ಒಂದು ಸ್ವರವನ್ನು, ಇ-ಫ್ಲಾಟ್ ಅನ್ನು, 45 ನಿಮಿಷ 47 ಸೆಕೆಂಡು ಎಲ್ಲೂ ಕಡಿಯದೆ ಹಿಡಿದು ಗಿನ್ನೆಸ್ ದಾಖಲೆ ಮಾಡಿದರು (ಆಮೇಲೆ ಬೇರೆಯವರು ಅದನ್ನು ಮುರಿದರು). ಇದರ ಗುಟ್ಟು ಸರ್ಕ್ಯುಲರ್ ಬ್ರೀದಿಂಗ್. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ವಾದ್ಯಕ್ಕೆ ತಳ್ಳುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳೋದು. ನಮ್ಮ ಬ್ರಾಂಚ್ ಭಾಷೆಯಲ್ಲಿ ಹೇಳೋದಾದ್ರೆ ಕೆನ್ನೆ ಒಂದು ಕೆಪಾಸಿಟರ್. ಸಪ್ಲೈ ಒಂದು ಕ್ಷಣ ಕಟ್ ಆದರೂ ಔಟ್‌ಪುಟ್ ಬೀಳಲ್ಲ. ನಮ್ಮ ಹಾವಾಡಿಗರು ಪುಂಗಿ ಊದೋದೂ ಹೀಗೇ. ನಂಬಿಕೆ ಬರದಿದ್ರೆ ಒಂದು ಲೋಟ ನೀರಿಗೆ ಸ್ಟ್ರಾ ಹಾಕಿ, ಗುಳ್ಳೆ ನಿಲ್ಲದ ಹಾಗೆ ಊದುತ್ತಾ ಉಸಿರು ಎಳೆದು ನೋಡಿ. ನನ್ನ ಗುಳ್ಳೆ ಪ್ರತಿ ಸಲವೂ ಹತ್ತು ಸೆಕೆಂಡಿಗೆ ನಿಂತುಹೋಗುತ್ತೆ.

ಇನ್ನು ಚೀನಾದ ಕಥೆ. 1989ರ ಲೈವ್ ಆಲ್ಬಂನಲ್ಲಿ 'ಗೋಯಿಂಗ್ ಹೋಮ್' ಅನ್ನೋ ಟ್ರ್ಯಾಕ್ ಇದೆ. ಚೀನಾದಲ್ಲಿ ಅದು ಬಾಗಿಲು ಹಾಕೋ ಹೊತ್ತಿನ ಸಂಗೀತ. ಮಾಲ್, ಶಾಲೆ, ರೈಲ್ವೆ ಸ್ಟೇಷನ್, ಜಿಮ್, ಎಲ್ಲೇ ಆಗಲಿ, ಅದು ಶುರುವಾದರೆ ಜನ ಬ್ಯಾಗ್ ಎತ್ತಿಕೊಂಡು ಮನೆ ಕಡೆ ಹೊರಡ್ತಾರೆ. ಕಾನೂನಿಲ್ಲ, ಬೋರ್ಡಿಲ್ಲ. ವರ್ಷಗಟ್ಟಲೆ ಹಾಗೇ ನಡೆದುಕೊಂಡು ಬಂದಿದೆ. ಇದನ್ನು ಓದಿದಾಗ ನನಗೆ ಆ ಎಂಟು ಜನರ ರೂಮು ನೆನಪಾಯ್ತು. ಒಂದು ದೇಶದ ಅಷ್ಟೊಂದು ಜನರಿಗೆ, ಒಂದು ಮಾತೂ ಆಡದೆ, 'ಸಾಕು, ಇನ್ನು ಮನೆಗೆ ಹೋಗಿ' ಅಂತ ಹೇಳೋಕೆ ಆಗುತ್ತೆ ಅಂದ್ರೆ ಆ ಸ್ವರದಲ್ಲಿ ಏನೋ ಇರಲೇಬೇಕು. ಅದು ಜಾಝ್‌ನ ಗುಣ ಅಲ್ಲದೇ ಇರಬಹುದು. ಆದರೆ ಗುಣ ಹೌದು.

ಇಷ್ಟೆಲ್ಲ ಅಪ್ಪನ ಪರವಾಗಿ ಹೇಳಿದ ಮೇಲೂ ಒಂದು ಕಡೆ ನಾನು ವಿರೋಧಿಗಳ ಜೊತೆ ನಿಲ್ಲುತ್ತೇನೆ. ಲೂಯಿ ಆರ್ಮ್‌ಸ್ಟ್ರಾಂಗ್ 1967ರಲ್ಲಿ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಹಾಡಿದರು, 1971ರಲ್ಲಿ ತೀರಿಕೊಂಡರು. 1999ರ ಒಂದು ಆಲ್ಬಂನಲ್ಲಿ ಕೆನ್ನಿ ಜಿ ಆ ಹಳೆಯ ದನಿಯ ಮೇಲೆ ತಮ್ಮ ಸ್ಯಾಕ್ಸೋಫೋನ್ ಸೇರಿಸಿದರು. ಗಿಟಾರ್ ವಾದಕ ಪ್ಯಾಟ್ ಮೆಥೀನಿ ಇದನ್ನು ಓದಿದರೆ ಮೈ ಬಿಸಿಯಾಗುವಷ್ಟು ಕಟುವಾಗಿ ಖಂಡಿಸಿದರು. ಹಕ್ಕುಗಳ ಪ್ರಶ್ನೆ ಬೇರೆ. ನನಗೆ ಕಾಡೋದು ಇಷ್ಟೇ: ಜೊತೆಯಲ್ಲಿ ನುಡಿಸೋದು ಅಂದ್ರೆ ಎದುರಿನವರು 'ಬೇಡ' ಅನ್ನೋಕೂ ಆಗಬೇಕು. ಆರ್ಮ್‌ಸ್ಟ್ರಾಂಗ್ ತಿರುಗಿ ಏನೂ ಹೇಳುವ ಹಾಗಿಲ್ಲ. ಆ ಟ್ರ್ಯಾಕ್ ಕಿವಿಗೆ ಹಿತವಾಗಿಯೇ ಇದೆ. ಆದರೆ ಅಲ್ಲಿ ಹಿತ ಅನ್ನೋದು ಉತ್ತರ ಅಲ್ಲ.

ವಿಚಿತ್ರ ಅಂದ್ರೆ, 2021ರ 'ನ್ಯೂ ಸ್ಟ್ಯಾಂಡರ್ಡ್ಸ್' ಆಲ್ಬಂನಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1991ರಲ್ಲಿ ತೀರಿಕೊಂಡ ಸ್ಟ್ಯಾನ್ ಗೆಟ್ಸ್ ಅವರ ಹಳೆಯ ರೆಕಾರ್ಡಿಂಗ್‌ಗಳಿಂದ ಬಿಡಿ ಸ್ವರಗಳನ್ನು ಆರಿಸಿ, ಗೆಟ್ಸ್ ಯಾವತ್ತೂ ನುಡಿಸದ ಒಂದು ಹೊಸ ರಾಗವನ್ನು ಜೋಡಿಸಿ, ಅದರ ಜೊತೆ ತಾವು ನುಡಿಸಿದರು. ಎಐ ದನಿಗಳ ಬಗ್ಗೆ ನಾವು ಕ್ಯಾಂಟೀನಿನಲ್ಲಿ ಮಾಡೋ ವಾದಗಳೆಲ್ಲ ಈ ಒಂದು ಟ್ರ್ಯಾಕಿನಲ್ಲಿವೆ. ಮಾಡೋಕೆ ಆಗುತ್ತಾ ಅನ್ನೋದು ನಮ್ಮ ಸಿಲಬಸ್‌ನಲ್ಲಿರೋ ಪ್ರಶ್ನೆ. ಮಾಡಬಹುದಾ ಅನ್ನೋದನ್ನು ಸಿಲಬಸ್ ಕೇಳಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ ನಿಂತಿದೆ. ಇಷ್ಟಪಡೋಕೆ ಯಾರ ಪರ್ಮಿಷನ್ನೂ ಬೇಡ. ಇಷ್ಟವಾಯ್ತು ಅಂದ ಮಾತ್ರಕ್ಕೆ ಪ್ರಶ್ನೆ ಕೇಳೋದನ್ನು ಬಿಡಲೂ ಬೇಕಿಲ್ಲ. ನಗುವ ಮೊದಲು ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೂತು ಈ ಕ್ರಮದಲ್ಲಿ ಕೇಳಿ: ಮೊದಲು 'ಸಾಂಗ್‌ಬರ್ಡ್', ಆಮೇಲೆ 'ಮೈ ಫೇವರಿಟ್ ಥಿಂಗ್ಸ್', ಕೊನೆಗೆ ಆರ್ಮ್‌ಸ್ಟ್ರಾಂಗ್ ಒಬ್ಬರೇ ಹಾಡಿದ 1967ರ ಮೂಲ ಹಾಡು. ಮೂರೂ ಕೇಳಿದ ಮೇಲೆ ಬೈಯೋದಾದ್ರೆ ಧಾರಾಳವಾಗಿ ಬೈಯಿರಿ, ವಾದಕ್ಕೆ ನಾನು ಸಿದ್ಧ.